ಮೇಲಿನ ಮಹಡಿಯ ಕೆಮ್ಮು

ಒಣ ಕೆಮ್ಮೋ, ಕಫದ ಕೆಮ್ಮೋ? ಒಣ ಕೆಮ್ಮಾದರೆ ನಂಬುವ ಹಾಗಿಲ್ಲ. ಒಣ ಕೆಮ್ಮಿನವರು ಕೆಮ್ಮಿಕೊಂಡೇ ಇಪ್ಪತ್ತು ವರ್ಷ ಬದುಕುತ್ತಾರೆ. ಮದ್ದು ಕೊಟ್ಟ ಡಾಕ್ಟರನ್ನೇ ಮಣ್ಣಿಗೆ ಕಳಿಸಿ ಬಂದು ಮತ್ತೆ ಕೆಮ್ಮುತ್ತಾರೆ. ಕಫದ್ದಾದರೆ ಬೇರೆ ಮಾತು. ಈಗ ಕೇಳಿದ್ದು ಶುರುವಿನಲ್ಲಿ ಒಣಗಿತ್ತು, ಕೊನೆಯಲ್ಲಿ ಒದ್ದೆಯಾದಂತಿತ್ತು. ಅಥವಾ ಒದ್ದೆಯಾಗಲಿ ಎಂದು ತಾನೇ ಬಯಸಿದ್ದರಿಂದ ಹಾಗೆ ಕೇಳಿಸಿತೋ?

ರೆಜಿಸ್ ಶೋವೆಲ್ ಸೋಫಾದ ಮೇಲೆ ಅಂಗಾತ ಮಲಗಿ ಚಾವಣಿ ನೋಡುತ್ತಿದ್ದ. ಅಲ್ಲೊಂದು ತೇವದ ಕಲೆ ಹರಡಿತ್ತು. ಅಂಚು ಕಂದು, ನಡು ಹಳದಿ, ಮಕ್ಕಳ ಹಾಸಿಗೆಯಲ್ಲಿ ಕಾಣುವಂಥದ್ದು. ಅದರ ನೇರಕ್ಕೆ, ಮೇಲಿನ ಮನೆಯಲ್ಲಿ, ಕೆಮ್ಮುವ ಮುದುಕಿಯ ಕುರ್ಚಿ ಇರಬೇಕು. ಅವನು ಉಸಿರು ಬಿಗಿಹಿಡಿದು ಇನ್ನೊಂದು ಕೆಮ್ಮಿಗಾಗಿ ಕಾದ. ಕಾಯುತ್ತಿದ್ದೇನೆ ಎಂಬುದು ಅರಿವಾದ ಕೂಡಲೇ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಇನ್ನೊಬ್ಬರ ಎದೆ ಕೆಟ್ಟಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೂರುವುದು ರಣಹದ್ದಿನ ಕೆಲಸ. ಹದ್ದಾದರೂ ಬಯಲಲ್ಲಿ, ಎಲ್ಲರಿಗೂ ಕಾಣುವಂತೆ ಕೂರುತ್ತದೆ.

ಮೇಲಿನ ಮನೆ ಮಾರಾಟಕ್ಕಿತ್ತು. ಅದೂ ಮಾಮೂಲು ಮಾರಾಟವಲ್ಲ, ಈ ದೇಶದಲ್ಲಿ ಬಹಳ ಹಿಂದಿನಿಂದ ನಡೆದುಬಂದ ಜೀವಾವಧಿ ಮಾರಾಟ. ಮುದುಕರು ಮನೆ ಮಾರುತ್ತಾರೆ, ಆದರೆ ಬಿಡುವುದಿಲ್ಲ; ಸಾಯುವವರೆಗೆ ಅಲ್ಲೇ ಇರುತ್ತಾರೆ. ಕೊಂಡವನು ಮೊದಲು ಸಣ್ಣದೊಂದು ಗಂಟು ಕೊಟ್ಟು, ಆಮೇಲೆ ಅವರ ಉಸಿರಿರುವಷ್ಟು ಕಾಲ ತಿಂಗಳು ತಿಂಗಳು ಕೊಡುತ್ತ ಹೋಗುತ್ತಾನೆ. ಅವರು ಬೇಗ ಹೋದರೆ ಅವನ ಅದೃಷ್ಟ, ನೂರು ದಾಟಿದರೆ ಅವನ ಹಣೆಬರಹ. ಎರಡೂ ಕಡೆಯವರು ಮರ್ಯಾದಸ್ತರೇ. ಆಸ್ತಿಪತ್ರ ಮಾಡಿಸುವ ನೋಟರಿಯ ಮುಂದೆ ಕೈಕುಲುಕಿ, ಹವಾಮಾನದ ಮಾತಾಡಿ ಸಹಿ ಹಾಕುವವರೇ. ಯಾರೂ ಬಾಯಿಬಿಟ್ಟು ಕೇಳದ ಒಂದು ಪ್ರಶ್ನೆ ಮಾತ್ರ ಮೇಜಿನ ನಡುವೆ ಹೂದಾನಿಯ ಹಾಗೆ ಕೂತಿರುತ್ತದೆ.

ರೆಜಿಸ್‌ಗೆ ಐವತ್ತೆಂಟು. ಒರ್ಲೆಯಾಂ ಪಟ್ಟಣದಲ್ಲಿ ಕಿವಿಯ ಯಂತ್ರಗಳ ಅಂಗಡಿ. ಮುದುಕರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ 'ಈಗ ಕೇಳಿಸಿತೇ? ಈಗ?' ಎಂದು ಕೇಳುವುದು, ಅವರ ಯಂತ್ರಗಳಿಗೆ ಅಂಟಿದ ಗುಗ್ಗೆಯನ್ನು ಕೆರೆದು ತೆಗೆಯುವುದು ಅವನ ಕಸುಬು. ಅರ್ಧ ಆಯುಷ್ಯ ಇದರಲ್ಲೇ ಕಳೆದರೂ ಗುಗ್ಗೆಯ ವಾಸನೆ ಅವನಿಗೆ ಒಗ್ಗಿರಲಿಲ್ಲ. ಹೆಂಡತಿ ಬಿಟ್ಟುಹೋದ ಮೇಲೆ ಹಿಡಿದ ಬಾಡಿಗೆ ಮನೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತಿತ್ತು. ಒಂದು ದಿನ ಜಾಹೀರಾತಿನಲ್ಲಿ ಈ ಮನೆಯ ಚಿತ್ರ ಕಂಡ: ಒಂದು ಕಿಟಕಿ, ಕಿಟಕಿಯ ತುಂಬ ಕಡಲು, ಬೇರೇನೂ ಇಲ್ಲ. ನೋಡಿದ ಗಳಿಗೆಯಿಂದ ಅದು ಅವನದಾಗಿಬಿಟ್ಟಿತು. ಇಡೀ ಜೀವನದಲ್ಲಿ ಅವನು ತನ್ನದೆಂದು ಬಯಸಿದ್ದು ಅದೊಂದನ್ನೇ. ನಡುವೆ ಮುದುಕಿಯೊಬ್ಬಳು ಬದುಕಿದ್ದಳು, ಅಷ್ಟೇ.

ಮಾತುಕತೆಯೆಲ್ಲ ನೋಟರಿಯ ಮೂಲಕವೇ ಮುಗಿದಿತ್ತು, ಬರುವ ಶುಕ್ರವಾರ ಸಹಿ. ಅದಕ್ಕೆ ಮೊದಲು ಅವಳನ್ನು ತಿಳಿದುಕೊಳ್ಳಬೇಕಿತ್ತು. ಅವಳ ಮನೆಯ ಕೆಳಗಿನ ಫ್ಲಾಟ್ ಪ್ರವಾಸಿಗಳಿಗೆ ಬಾಡಿಗೆಗೆ ಸಿಗುತ್ತದೆ ಎಂದು ಕಂಡಾಗ ಅವನು ಎರಡನೇ ಯೋಚನೆ ಮಾಡಲಿಲ್ಲ. ತನ್ನಷ್ಟು ಜಾಣ ಇನ್ನೊಬ್ಬನಿಲ್ಲ ಎಂದುಕೊಂಡು ಒಂದು ಚೀಲ ಹಿಡಿದು ಒಬ್ಬನೇ ಸಾಂ-ವಿಗೋರ್ ಎಂಬ ಈ ಕಡಲೂರಿಗೆ ಬಂದಿಳಿದಿದ್ದ.

ಬೀಗದ ಕೈ ಕೊಟ್ಟವಳು ಫ್ಲಾಟಿನ ಒಡತಿ ಸೊಲಾಂಜ್. ಕೂದಲಿಗೆ ಬೀಟ್‌ರೂಟಿನ ಬಣ್ಣ ಹಚ್ಚಿದ್ದ, ತುಟಿಯ ಮೂಲೆಯಲ್ಲಿ ಆರಿದ ಸಿಗರೇಟಿನ ತುಂಡಿಟ್ಟುಕೊಂಡೇ ಮಾತಾಡುವ ದಪ್ಪ ಹೆಂಗಸು.

"ಒಬ್ಬರೇನಾ?" ಎಂದು ಅವನ ಹಿಂದೆ ಇಣುಕಿ ನೋಡಿದ್ದಳು.

"ಒಬ್ನೇ."

"ಅಕ್ಟೋಬರಲ್ಲಿ? ಈ ಊರಿಗೆ?"

"ಕಡಲ ಗಾಳಿಗೆ ಬಂದೆ."

"ಓಹೋ, ಗಾಳಿಗೆ! ಗಾಳಿಗೇನೂ ಬರ ಇಲ್ಲ ಬಿಡಿ ಮೊಸ್ಯೂ. ಕಿಟಕಿ ತೆಗೀಲೇಬೇಕು ಅಂತಿಲ್ಲ, ಸಂದಿಯಿಂದ್ಲೇ ನುಗ್ಗತ್ತೆ. ಕೆಲಸ ಏನು ನಿಮ್ದು?"

ಹೇಳಿದ. ಹೇಳಬಾರದಿತ್ತೇನೋ.

"ಕಿವಿಯೋರಾ! ಹಾಗಾದ್ರೆ ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಮೇಲೆ ಉಗೆತ್ ಅಜ್ಜಿ ಇದಾಳೆ. ಕೆಮ್ತಾಳೆ ಪಾಪ. ಮೀನು ಹೊಗೆ ಹಾಕೋ ಕಾರ್ಖಾನೇಲಿ ವಯಸ್ಸೆಲ್ಲ ಸವೆಸಿದ ಎದೆ ಅದು. ಇನ್ನೆಷ್ಟು ದಿನಾನೋ ಏನೋ." ಸೊಲಾಂಜ್ ಅವನ ಮುಖವನ್ನೇ ನೋಡುತ್ತಿದ್ದಳು. "ತೊಂದ್ರೆ ಆಗಲ್ಲ ತಾನೇ?"

"ಇಲ್ಲ ಇಲ್ಲ," ಎಂದ. ತುಟಿ ತಾನಾಗಿ ಅಗಲವಾಗಲು ಹೊರಟದ್ದನ್ನು ಕೆಮ್ಮಿ ಮುಚ್ಚಿಕೊಂಡಿದ್ದ.

ಫ್ಲಾಟು ಹೇಸಿಗೆಯಾಗಿತ್ತು. ಎದ್ದು ಕಾಣುವ ಕೊಳೆಯಲ್ಲ. ಒರೆಸಿ, ಒರೆಸಿ, ಒರೆಸಿದ ಬಟ್ಟೆಯಿಂದಲೇ ಮೆತ್ತಿಕೊಂಡ ಕೊಳೆ. ಮೇಜಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮೊಣಕೈಗೆ ಅಂಟಿ ಚರ್ಮದಂತೆ ಬಿಡಿಸಿಕೊಳ್ಳುತ್ತಿತ್ತು. ಪರದೆಗಳಲ್ಲಿ ಎಷ್ಟೋ ಬೇಸಿಗೆಗಳ ಮೀನು ಕರಿದ ಎಣ್ಣೆ. ಸ್ನಾನದ ಮನೆಯ ತೂಬಿನಲ್ಲಿ ಯಾರದೋ ಉದ್ದ ಕೂದಲು. ಹಿಡಿದೆಳೆದರೆ ಬೂದು ಲೋಳೆ ಸಮೇತ ಇಲಿಯ ಬಾಲದಂತೆ ಬರುತ್ತಲೇ ಇತ್ತು. ಹಾಸಿಗೆಯ ಮೇಲಿನ ರಬ್ಬರಿನ ಹೊದಿಕೆ ಮಗ್ಗುಲು ಬದಲಿಸಿದಾಗಲೆಲ್ಲ ಸರಸರ ಸದ್ದು ಮಾಡುತ್ತಿತ್ತು. ಎಷ್ಟು ಜನ ಇಲ್ಲಿ ಬೆವರಿದ್ದರೋ, ಜಗಳವಾಡಿದ್ದರೋ, ಕೂಡಿದ್ದರೋ. ರೆಜಿಸ್ ಕೋಟು ಹಾಕಿಕೊಂಡೇ ಮಲಗುತ್ತಿದ್ದ.

ಊರೂ ಅಷ್ಟೇ. ಬೇಸಿಗೆಯವರು ಹೋದ ಮೇಲೆ ಕಡಲತೀರಕ್ಕೆ ಕೊಳೆತ ಪಾಚಿ ಬಂದು ಬಿದ್ದಿತ್ತು. ಕಾಲಿಟ್ಟರೆ ಕರಿನೊಣಗಳ ಮೋಡವೇ ಏಳುತ್ತಿತ್ತು. ಕಡಲಕಾಗೆಗಳು ಕಸದ ಚೀಲ ಹರಿದು ಮಕ್ಕಳ ಡಯಾಪರ್ ಎಳೆದಾಡುತ್ತಿದ್ದವು. ಹೋಟೆಲಿನಲ್ಲಿ ಜನ ಬಂಡೆಗೆ ಅಂಟುವ ಕಡಲ ಬಸವನಹುಳುಗಳನ್ನು ಬೇಯಿಸಿ ರಾಶಿ ಹಾಕಿಕೊಂಡು, ಗುಂಡುಸೂಜಿಯಿಂದ ತಿರುವಿ ಎಳೆದು, ಹಸಿರು ಬಾಲದ ಸಮೇತ ನುಂಗುತ್ತಿದ್ದರು. ಅವನೂ ಒಂದೆರಡು ದಿನ ತಿಂದ. ಕಡಲ ಊರಿನವನಾಗುವುದಾದರೆ ತಿನ್ನಬೇಕಲ್ಲ.

ಮುದುಕಿಯನ್ನು ಮೊದಲು ಕಂಡದ್ದು ಮೆಟ್ಟಿಲ ಮೇಲೆ. ಮದಾಮ್ ಉಗೆತ್ ಲೆಮೊನಿಯೆ ಎಂಬ ಹೆಸರನ್ನು ನೋಟರಿ ಕೊಟ್ಟ ವಿವರದಲ್ಲಿ ಅವನು ನೂರು ಸಲ ಓದಿದ್ದ, ಎದುರಿಗೆ ಕಂಡಾಗ ಗೊತ್ತಿಲ್ಲದವನಂತೆ ಟೋಪಿ ತೆಗೆದ. ಅವಳು ಕಟಾಂಜನ ಹಿಡಿದು, ಕರವಸ್ತ್ರಕ್ಕೆ ಉಗುಳಿ, ಉಗುಳಿದ್ದನ್ನು ನೋಡಿ, ಮಡಚಿ ತೋಳಿನೊಳಗೆ ಸೇರಿಸಿದಳು.

"ಸ್ವಲ್ಪ ಕೈ ಕೊಡಿ ಮೊಸ್ಯೂ. ಈ ಮೆಟ್ಲು ನನ್ನ ಸಾಯ್ಸೋದೇ ಸೈ."

ಆ ಕೈ ಒದ್ದೆಯಾಗಿತ್ತು, ಮೀನಿನ ನಾತ ಬೀರುತ್ತಿತ್ತು. ಅವನು ಅವಳನ್ನು ಬಾಗಿಲವರೆಗೆ ಹತ್ತಿಸಿದ. ದಾರಿಯುದ್ದಕ್ಕೂ ಅವಳು ಕೆಮ್ಮಿದಳು.

"ಈ ಚಳಿಗಾಲ ದಾಟೋದು ಅನುಮಾನ," ಎಂದಳು.

"ಹಾಗೆಲ್ಲ ಅನ್ಬಾರ್ದು ಮದಾಮ್."

"ಅನ್ಲಿ ಬಿಡ್ಲಿ, ಬರೋದು ಬರತ್ತೆ. ನಿಮ್ಮಂಥ ಗಟ್ಟಿಗರಿಗೆ ಗೊತ್ತಾಗಲ್ಲ."

ಕೆಳಗಿಳಿದು ಬಂದು ಅವನು ಕೈಯನ್ನು ಸೋಪು ಹಚ್ಚಿ ತೊಳೆದ, ಮತ್ತೆ ತೊಳೆದ. ತೊಳೆಯುತ್ತಿರುವಾಗ ತಾನು ಯಾವುದೋ ಹಳೆಯ ಹಾಡಿನ ಧಾಟಿ ಗುನುಗುತ್ತಿರುವುದು ಕೇಳಿಸಿತು. ನಲ್ಲಿ ನಿಲ್ಲಿಸಿದ. ಗುನುಗು ನಿಂತಿತು, ಖುಷಿ ನಿಲ್ಲಲಿಲ್ಲ. ಹೆಣದ ಬೆರಳಿನ ಉಂಗುರ ಕಳಚಿಕೊಳ್ಳುವವರ ಬಗ್ಗೆ ಜನ ಮಾತಾಡುತ್ತಾರಲ್ಲ, ಅವರ ಮುಖ ಹೇಗಿರುತ್ತದೆ ಎಂದು ನೋಡಬೇಕೆನಿಸಿ ಕನ್ನಡಿಯ ಕಡೆ ತಿರುಗಿದ. ಸುತ್ತಲೂ ಕಪ್ಪೆಚಿಪ್ಪು ಅಂಟಿಸಿದ ಆ ಕನ್ನಡಿಯಲ್ಲಿ ಮಾಮೂಲು ಅಂಗಡಿಯವನ ಮುಖವಿತ್ತು.

ಆಮೇಲಿನ ದಿನಗಳೆಲ್ಲ ಕಿವಿಯೇ. ಬೆಳಿಗ್ಗೆ ಕುರ್ಚಿ ಕಿರುಗುಟ್ಟುವುದು, ನಡುಮಧ್ಯಾಹ್ನ ಕೆಮ್ಮಿನ ದೊಡ್ಡ ಸುತ್ತು, ಸಂಜೆ ಸಣ್ಣದೊಂದು. ಸದ್ದುಗಳ ನಡುವಿನ ಮೌನಗಳನ್ನೂ ಅವನು ಕೇಳುತ್ತಿದ್ದ. ಮೌನ ಉದ್ದವಾದರೆ ಎದೆ ಹೊಡೆದುಕೊಳ್ಳುತ್ತಿತ್ತು, ಯಾವ ಕಾರಣಕ್ಕೆ ಎಂದು ತನ್ನನ್ನು ತಾನು ಕೇಳಿಕೊಳ್ಳುತ್ತಿರಲಿಲ್ಲ. ಮೇಲೆ ಮಂಚದ ಸದ್ದು ಯಾವತ್ತೂ ಆಗುತ್ತಿರಲಿಲ್ಲ, ಕುರ್ಚಿಯದೇ. ಆಗ ಅದಕ್ಕೆ ಅರ್ಥವಿದೆ ಎಂದು ಅನಿಸಿರಲಿಲ್ಲ.

ಬುಧವಾರ ಕಡಲು ಬಹಳ ದೂರ ಇಳಿಯಿತು. ಅಂಥ ದಿನ ಊರಿನವರು ಬಕೆಟ್ಟು ಹಿಡಿದು ಬಂಡೆಗಳಿಗೆ ಹೋಗುತ್ತಾರೆ. ಫ್ಲಾಟಿನ ವಾಸನೆ ತಡೆಯಲಾರದೆ ರೆಜಿಸ್ ಕೂಡ ಸುಣ್ಣಕಲ್ಲಿನ ಗುಡ್ಡದ ಬುಡದವರೆಗೆ ನಡೆದು ಹೋದ. ದೂರದಲ್ಲಿ ಹಳದಿ ಮಳೆಕೋಟು, ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿದ ಹೆಂಗಸೊಬ್ಬಳು ಬಂಡೆಯಿಂದ ಬಂಡೆಗೆ ದಾಟುತ್ತ, ಬಗ್ಗಿ ಬಗ್ಗಿ ಬಸವನಹುಳು ಕೀಳುತ್ತಿದ್ದಳು. ಮೇಕೆಯ ಹಾಗೆ ಹೆಜ್ಜೆ ಇಡುತ್ತಿದ್ದಾಳಲ್ಲ ಎಂದುಕೊಂಡ. ಅವಳು ಪಾಚಿಯನ್ನು ಪಕ್ಕಕ್ಕೆಳೆದು, ಅಡಿಯಲ್ಲಿ ಕೈ ಹಾಕಿ, ಮುಷ್ಟಿ ತುಂಬ ತೆಗೆದು ಬಕೆಟ್ಟಿಗೆ ಎಸೆಯುತ್ತಿದ್ದಳು. ಆಗಾಗ ಸೊಂಟದ ಮೇಲೆ ಕೈಯಿಟ್ಟು ಕಡಲು ನೋಡುತ್ತ ನಿಲ್ಲುತ್ತಿದ್ದಳು. ತಿರುಗಿದಾಗ ಮುಖ ಕಂಡಿತು.

ಉಗೆತ್ ಲೆಮೊನಿಯೆ.

ಅವನು ಅಲ್ಲೇ ನಿಂತು ಕೇಳಿಸಿಕೊಂಡ. ಗಾಳಿ ಅವಳ ಕಡೆಯಿಂದಲೇ ಬೀಸುತ್ತಿತ್ತು. ಬಕೆಟ್ಟಿನ ಹಿಡಿಯ ಸದ್ದು ಕೇಳಿಸಿತು, ಬೂಟಿನ ಸದ್ದು ಕೇಳಿಸಿತು. ಬಕೆಟ್ಟು ತುಂಬುವವರೆಗೂ ಒಂದೇ ಒಂದು ಕೆಮ್ಮು ಬರಲಿಲ್ಲ.

ಮೋಸ! ಕಿವಿಯ ತುದಿಯವರೆಗೆ ರಕ್ತ ನುಗ್ಗಿತು. ಹಾಡಹಗಲೇ ಮೋಸ. ಇವತ್ತೇ ನೋಟರಿಗೆ ಫೋನು ಮಾಡಿ ಹೇಳಬೇಕು: ಮದಾಮ್ ಕಾಯಿಲೆಯವಳಲ್ಲ, ಕಲ್ಲುಗುಂಡು, ತೊಂಬತ್ತು ದಾಟುತ್ತಾಳೆ, ನನ್ನನ್ನು ಸುಲಿಯಲು ನೋಡುತ್ತಿದ್ದಾಳೆ. ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸುತ್ತ ಜೋಡಿಸುತ್ತ ಅವನಿಗೆ ಅವುಗಳ ಸದ್ದು ಕೇಳಿಸಿತು. ಒಬ್ಬ ಮುದುಕಿ ಬದುಕಿದ್ದಾಳೆ ಎಂದು ದೂರು. ಬಾಯಿಯಲ್ಲಿ ಮಧ್ಯಾಹ್ನ ತಿಂದ ಹುಳುಗಳ ರುಚಿ ಮೇಲೆದ್ದು ಬಂತು. ಬಗ್ಗಿ ಬೆಣಚುಕಲ್ಲುಗಳ ಮೇಲೆ ಉಗುಳಿದ. ನೊಣಗಳು ತಕ್ಷಣ ಬಂದವು.

ಫೋನು ಮಾಡಲಿಲ್ಲ. ಮಾಡದೆ ಇದ್ದದ್ದು ಒಳ್ಳೆಯತನದಿಂದಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಆ ಕಿಟಕಿ ಇನ್ನೂ ಬೇಕಿತ್ತು.

ಮರುದಿನ ಬೆಳಿಗ್ಗೆ ಸೊಲಾಂಜ್ ಬಾಗಿಲು ಬಡಿದಳು. "ಉಗೆತ್ ಮಧ್ಯಾಹ್ನ ಊಟಕ್ಕೆ ಕರೀತಾಳೆ. ನಾನೂ ಬರ್ತೀನಿ. ಇಲ್ಲ ಅನ್ಬೇಡಿ, ಮುದುಕಿ ಮನಸ್ಸಿಗೆ ಹಚ್ಕೋತಾಳೆ."

ಹೋದ. ಕೈಯಲ್ಲಿ ಬೇಕರಿಯ ಕೇಕಿನ ಪೊಟ್ಟಣ, ಮೇಲೆ ರಿಬ್ಬನ್ನು. ಬಾಗಿಲು ದಾಟಿದ್ದೇ ಮೊದಲು ಕಂಡದ್ದು ಕಿಟಕಿ. ಚಿತ್ರದಲ್ಲಿದ್ದದ್ದಕ್ಕಿಂತ ದೊಡ್ಡದು. ಕಡಲು ಕೋಣೆಯೊಳಗೇ ಬಂದು ಕೂತಂತಿತ್ತು. ಒಂದು ಗಳಿಗೆ ಅವನು ಎಲ್ಲ ಮರೆತ. ಆಮೇಲೆ ಬಸವನಹುಳುಗಳ ಹಬೆ ಮೂಗಿಗೆ ಬಡಿಯಿತು. ಮೇಜಿನ ನಡುವೆ ತಟ್ಟೆ ತುಂಬ ರಾಶಿ, ಪಕ್ಕದಲ್ಲಿ ಗುಂಡುಸೂಜಿ ಚುಚ್ಚಿಟ್ಟ ಬಿರಡೆ, ಬೆಣ್ಣೆ, ಬ್ರೆಡ್ಡು, ಬೆವರಿದ ಪಾದದಂತೆ ನಾರುವ ಚೀಸು.

"ಕೂತ್ಕೊಳ್ಳಿ ಕೂತ್ಕೊಳ್ಳಿ. ನಿನ್ನೆ ನಾನು ಕಿತ್ತಿದ್ದನ್ನ ನೋಡಿದ್ರಲ್ಲ," ಎಂದಳು ಉಗೆತ್. "ನಾನೂ ನಿಮ್ಮನ್ನ ನೋಡ್ದೆ. ದೀಪದ ಕಂಬದ ಹಾಗೆ ನಿಂತಿದ್ರಿ."

ರೆಜಿಸ್ ಕೈಗೆತ್ತಿಕೊಂಡ ಸೂಜಿ ಅಲ್ಲೇ ನಿಂತಿತು.

"ಮುಖ ಯಾಕೆ ಹಾಗ್ಮಾಡ್ಕೋತೀರಿ? ನೀವೇನು ಮೊದಲನೆಯವ್ರಲ್ಲ. ಮೂರನೆಯವ್ರು."

"ನಾಲ್ಕನೆಯವ್ರು," ಎಂದಳು ಸೊಲಾಂಜ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಆ ಹಲ್ಲಿನ ಡಾಕ್ಟರನ್ನ ಬಿಟ್ಟೆ."

"ಅವ್ನು ಲೆಕ್ಕಕ್ಕಿಲ್ಲ ಕಣೆ. ಬಂದ ಮಾರನೇ ದಿನಾನೇ ಓಡ್ದ. ನಾನು ಸ್ವಲ್ಪ ಜಾಸ್ತೀನೇ ಕೆಮ್ಮಿಬಿಟ್ಟೆ, ಅಂಟುರೋಗ ಅಂದ್ಕೊಂಡ."

ಇಬ್ಬರೂ ನಕ್ಕರು. ರೆಜಿಸ್‌ಗೆ ಕಾಲ ಕೆಳಗಿನ ನೆಲ ಸರಿದಂತಾಯಿತು. ಆ ನೆಲದ ಕೆಳಗೇ ತಾನು ಇಷ್ಟು ದಿನ ಅಂಗಾತ ಮಲಗಿದ್ದು.

"ಎಲ್ರೂ ಹೀಗೇನೇ," ಎಂದಳು ಸೊಲಾಂಜ್. "ಅಕ್ಟೋಬರಲ್ಲಿ, ಉತ್ತರಕ್ಕೆ ಮುಖ ಮಾಡಿರೋ, ಬಿಸಿಲೇ ಕಾಣದ ನನ್ನ ಗವಿಗೆ, ಒಬ್ನೇ ಬರೋನು ಯಾರು ಹೇಳಿ? ಹುಚ್ಚ ಬರ್ಬೇಕು, ಇಲ್ಲಾ ಉಗೆತ್ ಮನೆ ಬೇಕಾದೋನು ಬರ್ಬೇಕು. ಪ್ರತಿಯೊಬ್ರಿಗೂ ಇದು ತನಗೊಬ್ನಿಗೇ ಹೊಳೆದ ಉಪಾಯ ಅಂತ. ಅವ್ರು ಕೆಳಗೆ ಕೇಳ್ತಾರೆ, ಇವ್ಳು ಮೇಲೆ ಕೆಮ್ತಾಳೆ. ನನ್ನ ಫ್ಲಾಟು ಖಾಲಿ ಬೀಳಲ್ಲ."

"ಕಾಯಿಲೆಯೋಳು ಅಂದ್ರೆ ಒಳ್ಳೆ ಬೆಲೆ ಬರತ್ತೆ ಮೊಸ್ಯೂ," ಎಂದಳು ಉಗೆತ್, ವ್ಯಾಪಾರದ ಗುಟ್ಟನ್ನು ಇನ್ನೊಬ್ಬ ವ್ಯಾಪಾರಿಗೆ ಹೇಳುವಂತೆ. "ಆದ್ರೆ ನೀವು ಕಿವಿಯೋರು ಅಂತ ಸೊಲಾಂಜ್ ಹೇಳ್ದಾಗ ಕೈಕಾಲು ತಣ್ಣಗಾಯ್ತು ನೋಡಿ. ಬಾಣಸಿಗನಿಗೆ ಅಡಿಗೆ ಬಡ್ಸಿದ ಹಾಗೆ. ಹೇಗಿತ್ತು ನನ್ನ ಕೆಮ್ಮು? ಮುಲಾಜಿಲ್ದೆ ಹೇಳಿ."

ಎದ್ದು ಹೋಗಬೇಕೆನಿಸಿತು. ನಾಚಿಕೆಗಿಂತ ಹೆಚ್ಚಾಗಿ ಅಸಹ್ಯ: ಇವರ ಮೇಲೆ, ಈ ತಟ್ಟೆಯ ಮೇಲೆ, ಕೋಟು ಹಾಕಿಕೊಂಡು ಮಲಗಿ ಕೇಳಿಸಿಕೊಂಡ ತನ್ನ ಕಿವಿಗಳ ಮೇಲೆ. ಆದರೆ ಬಾಯಿ ಬೇರೆಯೇ ಹೇಳಿತು. "ಕೊನೆಯಲ್ಲಿ ಸ್ವಲ್ಪ ಹೆಚ್ಚಾಗ್ತಿತ್ತು."

"ಹೇಳ್ಲಿಲ್ವಾ ನಾನು!" ಎಂದು ಸೊಲಾಂಜ್ ಮೇಜು ಗುದ್ದಿದಳು.

ಉಗೆತ್ ನಗತೊಡಗಿದಳು. ಹೊಟ್ಟೆ ಹಿಡಿದು, ಕಣ್ಣೀರು ಒರೆಸಿಕೊಂಡು, ನಿಜವಾದ ನಗು. ನಕ್ಕು ಸುಸ್ತಾಗಿ ಉಸಿರೆಳೆದುಕೊಂಡಾಗ, ಆ ಉಸಿರಿನ ತುದಿಯಲ್ಲಿ ರೆಜಿಸ್‌ಗೆ ಒಂದು ಸದ್ದು ಕೇಳಿಸಿತು.

ಬಹಳ ಸಣ್ಣ ಸದ್ದು. ಬಾಣಲೆಯ ಎಣ್ಣೆಗೆ ನೀರಿನ ಹನಿ ಬಿದ್ದಂತೆ, ಅದೂ ಪಕ್ಕದ ಮನೆಯ ಬಾಣಲೆ. ಸೊಲಾಂಜ್‌ಗೆ ಕೇಳಿಸಿರಲಾರದು. ಇನ್ನೊಂದು ಉಸಿರು, ಮತ್ತೆ ಅದೇ. ಆ ಸದ್ದು ಅವನಿಗೆ ಗೊತ್ತಿತ್ತು. ಅಪ್ಪನ ಕೊನೆಯ ಚಳಿಗಾಲವಿಡೀ ಮಗ್ಗುಲಲ್ಲಿ ಕೂತು ಕೇಳಿದ ಸದ್ದು ಅದು. ಅವನ ಕಣ್ಣು ತಾನಾಗಿ ಮೇಜಿನ ಕೆಳಗೆ ಹೋಯಿತು. ಚಪ್ಪಲಿಯ ಮೇಲೆ ಅವಳ ಕಾಲುಗಳು ಹಿಟ್ಟು ತುಂಬಿದ ಚೀಲದಂತಿದ್ದವು, ಕಾಲುಚೀಲದ ದಾರ ಒಳಗೆ ಹೂತುಹೋಗಿತ್ತು. ಕಿಟಕಿಯ ಪಕ್ಕದ ದೊಡ್ಡ ಕುರ್ಚಿಯ ಮೇಲೆ ಎರಡು ದಿಂಬು, ಮಡಚಿದ ಕಂಬಳಿ.

"ಅಲ್ಲೇ ಮಲಗ್ತೀರಾ?" ಎಂದು ಕೇಳಿದ.

"ಹೂಂ. ಮಂಚದಲ್ಲಿ ಮಲಗಿದ್ರೆ ಮುಳುಗ್ದಂಗಾಗತ್ತೆ. ವಯಸ್ಸು ನೋಡಿ. ಕುರ್ಚೀಲೇ ಸುಖ, ಕಡಲೂ ಕಾಣತ್ತೆ."

ಅಪ್ಪನೂ ಹೀಗೆಯೇ ಕುರ್ಚಿಯಲ್ಲಿ ಮಲಗುತ್ತಿದ್ದ. ಅಪ್ಪನೂ ವಯಸ್ಸು ಎಂದೇ ಅನ್ನುತ್ತಿದ್ದ. ಹೃದಯ ಸೋತು ಎದೆಯಲ್ಲಿ ನೀರು ತುಂಬಿದೆ, ಶುರುವಿನಲ್ಲೇ ಕರೆತಂದಿದ್ದರೆ ಗುಳಿಗೆಗಳಲ್ಲೇ ಇನ್ನೂ ಎಷ್ಟೋ ವರ್ಷ ನಡೆಸಬಹುದಿತ್ತು ಎಂದು ಡಾಕ್ಟರು ಆಮೇಲೆ ಹೇಳಿದ್ದರು. ನಿನ್ನೆ ಬಂಡೆಯ ಮೇಲೆ ಇವಳು ಸೊಂಟಕ್ಕೆ ಕೈಯಿಟ್ಟು ನಿಂತು ನಿಂತು ನೋಡುತ್ತಿದ್ದದ್ದು ಕಡಲನ್ನಲ್ಲ. ಉಸಿರಿಗಾಗಿ ಕಾಯುತ್ತಿದ್ದಳು.

ಉಗೆತ್ ನಗು ಒರೆಸಿಕೊಂಡು ಗಂಭೀರಳಾದಳು. "ನೋಡಿ ಮೊಸ್ಯೂ, ಇದನ್ನೆಲ್ಲ ಯಾಕೆ ಹೇಳ್ದೆ ಅಂದ್ರೆ, ನಾಳೆ ಸಹಿ. ಕೆಮ್ಮೋದು ಬೇರೆ, ಸುಳ್ಳಿನ ಮೇಲೆ ಸಹಿ ಹಾಕೋದು ಬೇರೆ. ಅದು ನನಗೆ ಸೇರಲ್ಲ. ನಾನು ಗಟ್ಟಿಮುಟ್ಟಾಗಿದೀನಿ. ನಮ್ಮಮ್ಮ ತೊಂಬತ್ತಾರಕ್ಕೆ ಹೋದ್ಳು, ಅದೂ ಜಾರಿ ಬಿದ್ದು. ನನ್ನನ್ನ ಹೊರಗೆ ಹಾಕದೆ, ಇಲ್ಲೇ ಬೆಣ್ಣೆ ತಿಂದ್ಕೊಂಡು ಇರೋಕೆ ಬಿಡೋರು ಬೇಕು ಅಷ್ಟೇ. ತಗೊಳ್ಳೋದಾದ್ರೆ ತಿಳ್ಕೊಂಡು ತಗೊಳ್ಳಿ. ಬೇಡ ಅಂದ್ರೆ ಬೇಜಾರಿಲ್ಲ, ಊಟ ಮಾಡ್ಕೊಂಡು ಹೋಗಿ."

ಈಗ ಹೇಳಬೇಕಿತ್ತು. ಬಾಯಿ ತೆರೆದರೆ ಬರುವಷ್ಟು ಹತ್ತಿರದಲ್ಲಿತ್ತು ಮಾತು. ರೆಜಿಸ್ ಸೂಜಿಯನ್ನು ಒಂದು ಹುಳುವಿನ ಬಾಯಿಗೆ ಚುಚ್ಚಿ, ನಿಧಾನಕ್ಕೆ ತಿರುವಿ, ಎಳೆದ. ತುಂಡಾಗದೆ ಪೂರ್ತಿ ಬಂತು. ಬಾಯಿಗೆ ಹಾಕಿಕೊಂಡು ಅಗಿದ. ಕಿಟಕಿಯಾಚೆ ಕಡಲು ಮತ್ತೆ ಏರುತ್ತಿತ್ತು.

"ಚೆನ್ನಾಗಿದೆ," ಎಂದ.

"ಹುಳಾನಾ, ವ್ಯಾಪಾರಾನಾ?" ಎಂದಳು ಸೊಲಾಂಜ್.

"ನಾಳೆ ಬರ್ತೀನಿ. ಸಹಿ ಹಾಕ್ತೀನಿ."

ಉಗೆತ್ ಎಲ್ಲರಿಗೂ ಕಾಫಿ ಹಾಕಿದಳು. ಕುಡಿದು ಮುಗಿದ ಮೇಲೆ, ಕಾಫಿಯ ಬಟ್ಟಲನ್ನು ಸೇಬಿನ ಸಾರಾಯಿಯಿಂದ ತೊಳೆದು ಕುಡಿಯುವ ಈ ಸೀಮೆಯ ರೂಢಿಯಂತೆ ಅವನ ಬಟ್ಟಲಿಗೆ ಸಾರಾಯಿ ಸುರಿದಳು, ಬಟ್ಟಲು ತೊಳೆಯುವಷ್ಟಲ್ಲ, ತುಂಬುವಷ್ಟು. ಅವಳ ಕಣ್ಣುಗಳು ಒದ್ದೆಯಾಗಿದ್ದವು. "ಗಟ್ಟಿ ಮುದುಕಿ ಅಂತ ಗೊತ್ತಾದ ಮೇಲೂ ಬರ್ತೀನಿ ಅಂದೋರು ನೀವೊಬ್ರೇ," ಎಂದು ಅವನ ಕೈ ಹಿಡಿದುಕೊಂಡಳು. ಅದೇ ಒದ್ದೆ ಕೈ. ಈ ಸಲ ಅವನಿಗೆ ಆ ಕೈಯ ಮೇಲೆ ಹೇಸಿಗೆ ಬರಲಿಲ್ಲ. ಅದು ಹಿಡಿದುಕೊಂಡಿದ್ದ ತನ್ನ ಕೈಯ ಮೇಲೆ ಬಂತು.

ನೋಟರಿಯ ಕಚೇರಿ ಬೆಚ್ಚಗಿತ್ತು, ಮೇಣ ಸವರಿದ ಮರದ ವಾಸನೆ. ಉಗೆತ್ ಮದುವೆಗೆ ಹೋಗುವವಳಂತೆ ನೀಲಿ ಕೋಟು ತೊಟ್ಟು ಬಂದಿದ್ದಳು. ನೋಟರಿ ಒಂದೇ ಧಾಟಿಯಲ್ಲಿ ಓದುತ್ತ ಹೋಗಿ, ಒಂದು ಕಡೆ ನಿಂತು ಕನ್ನಡಕದ ಮೇಲಿಂದ ನೋಡಿದ.

"ಮಾರಿದವರು ಈಗಾಗಲೇ ಇರೋ ಕಾಯಿಲೆಯಿಂದ ಇಪ್ಪತ್ತು ದಿನದೊಳಗೆ ತೀರಿಕೊಂಡ್ರೆ ಈ ಮಾರಾಟ ಕಾನೂನಿನ ಪ್ರಕಾರ ರದ್ದು. ಹೇಳಿರಬೇಕು ಅಂತ ಹೇಳ್ತಿದೀನಿ. ಅಂಥದ್ದೇನಾದ್ರೂ ಇಬ್ಬರ ಗಮನದಲ್ಲಿ ಇದೆಯೇ?"

"ನಾಟಕದ ಕೆಮ್ಮು ಒಂದಿತ್ತು," ಎಂದಳು ಉಗೆತ್. "ನಿನ್ನೆ ವಾಸಿಯಾಯ್ತು."

ನೋಟರಿ ನಕ್ಕ. ಆಮೇಲೆ ರೆಜಿಸ್ ಕಡೆ ತಿರುಗಿ ಕಾದ. ಆ ಮೌನದಲ್ಲಿ ರೆಜಿಸ್‌ಗೆ ಪಕ್ಕದ ಕುರ್ಚಿಯ ಉಸಿರು, ಉಸಿರಿನ ತುದಿಯ ಆ ಚಟಪಟ ಸ್ಪಷ್ಟವಾಗಿ ಕೇಳಿಸಿತು. ನಾನು ಡಾಕ್ಟರಲ್ಲ, ಎಂದುಕೊಂಡ. ನನ್ನದು ಕಿವಿಯ ವಿಷಯ ಮಾತ್ರ. ಕೇಳಿಸಿದ್ದು ತಪ್ಪಾಗಿರಬಹುದು, ಕೆಮ್ಮಿನಲ್ಲಿ ತಪ್ಪಲಿಲ್ಲವೇ. ನೋಟರಿಯ ಭುಜದ ಮೇಲೆ ಉದುರಿದ್ದ ತಲೆಹೊಟ್ಟನ್ನು ನೋಡುತ್ತ ಅವನು ಇಲ್ಲ ಎಂಬಂತೆ ತಲೆ ಆಡಿಸಿದ. ಸಹಿ ಹಾಕಿದ. ಪೆನ್ನು ಸರಾಗವಾಗಿ ಓಡಿತು.

ಶನಿವಾರ ಊರಿಗೆ ಹೊರಡಬೇಕಿದ್ದವನು ಹೊರಡಲಿಲ್ಲ. ಫ್ಲಾಟನ್ನು ಇನ್ನೂ ಮೂರು ವಾರಕ್ಕೆ ಮುಂದುವರಿಸಿದ. ಅಂಗಡಿಗೆ ಫೋನು ಮಾಡಿ ಹುಷಾರಿಲ್ಲ ಎಂದ. ಅದು ಸುಳ್ಳೆಂದು ಅವನಿಗೆ ಅನಿಸಲಿಲ್ಲ.

ಆ ಮೂರು ವಾರ ಅವನು ಉಗೆತ್‌ಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡ. ಬೆಣ್ಣೆ, ಬ್ರೆಡ್ಡು ತಂದುಕೊಟ್ಟ. ಬಂಡೆಗೆ ಹೋಗಲು ಬಿಡಲಿಲ್ಲ. ತಾನೇ ರಬ್ಬರ್ ಬೂಟು ಕೊಂಡು, ತಣ್ಣನೆಯ ಲೋಳೆಗೆ ಕೈ ಹಾಕಿ ಹುಳು ಕಿತ್ತು ತಂದ. ಮೆಟ್ಟಿಲು ಇಳಿಯುವಾಗ ತೋಳು ಕೊಟ್ಟ. ಉಪ್ಪು ಕಡಿಮೆ ಹಾಕಿ ಎಂದ. ಯಾಕೆ ಎಂದು ಅವಳು ಕೇಳಿದಾಗ, ನನ್ನ ನಾಲಿಗೆಗೆ ಹೆಚ್ಚಾಯಿತು ಎಂದ.

"ಹೊಟ್ಟೇಲಿ ಹುಟ್ಟಿದ ಮಗನೂ ಹೀಗೆ ನೋಡ್ಕೊಳ್ಳಲ್ಲ ಕಣೆ," ಎಂದು ಸೊಲಾಂಜ್ ಬೇಕರಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ನಾನು ಇವ್ರನ್ನ ಹದ್ದು ಅಂದ್ಕೊಂಡಿದ್ದೆ. ತಪ್ಪಾಯ್ತು ಮೊಸ್ಯೂ." ಬೇಕರಿಯವಳು ಅವನಿಗೆ ಒಂದು ಬ್ರೆಡ್ಡು ಹೆಚ್ಚಾಗಿ ಕೊಟ್ಟಳು. ಅವನು ಅದನ್ನು ಕಡಲತೀರಕ್ಕೆ ಒಯ್ದು ಕಡಲಕಾಗೆಗಳಿಗೆ ಎಸೆದ. ಅವು ಕಿತ್ತಾಡಿಕೊಂಡು ತಿಂದವು. ಅವುಗಳನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದ.

ಈಗ ಅವನು ಬೇರೊಂದು ಸದ್ದಿಗಾಗಿ ಕಾಯುತ್ತಿದ್ದ. ಬೆಳಿಗ್ಗೆ ಎದ್ದ ಕೂಡಲೇ ಮೇಲಿನ ಕುರ್ಚಿ ಕಿರುಗುಟ್ಟಿದರೆ ಎದೆಯ ಭಾರ ಇಳಿಯುತ್ತಿತ್ತು. ಬದುಕಿದ್ದಾಳೆ. ಆ ನೆಮ್ಮದಿ ಎಷ್ಟು ನಿಜವಾಗಿತ್ತೆಂದರೆ ಮೊದಮೊದಲು ಅದನ್ನು ಪ್ರೀತಿ ಎಂದೇ ತಿಳಿದ. ಆಮೇಲೆ ಗೊತ್ತಾಯಿತು: ನೆಂಟರು ಬರುವವರೆಗೆ ಹಾಲು ಒಡೆಯದಿರಲಿ ಎಂದು ಬಯಸುತ್ತೇವಲ್ಲ, ಇದು ಅದು. ತಿಳಿದ ದಿನ ಅವನಿಗೆ ಊಟ ಸೇರಲಿಲ್ಲ. ಮರುದಿನ ಸೇರಿತು. ಹೇಸಿಗೆಯೂ ರಬ್ಬರ್ ಹೊದಿಕೆಯ ಸದ್ದಿನಂತೆ, ಕೆಲವು ದಿನ ನಿದ್ದೆ ಕೆಡಿಸುತ್ತದೆ, ಆಮೇಲೆ ಕಿವಿಗೆ ಬೀಳುವುದಿಲ್ಲ ಎಂಬುದು ಅವನು ಆ ಊರಿನಲ್ಲಿ ಕಲಿತ ಪಾಠ.

ನೋಟರಿ ಹೇಳಿದ ಇಪ್ಪತ್ತು ದಿನದ ಅವಧಿ ದಾಟಿತು. ನವೆಂಬರಿನ ಒಂದು ಮುಂಜಾನೆ ಅವನು ಚೀಲ ಕಟ್ಟಿದ. ಬೇಡ ಎಂದರೂ ಕೇಳದೆ ಉಗೆತ್ ಕೆಳಗಿಳಿದು ಬಂದಳು. ಪ್ರತಿ ತಿರುವಿನಲ್ಲೂ ಕಟಾಂಜನ ಹಿಡಿದು ನಿಂತಳು. ತುಟಿಗಳು ತುಸು ನೀಲಿಯಾಗಿದ್ದವು. ಸೊಲಾಂಜ್ ಬಾಗಿಲು ಹಿಡಿದುಕೊಂಡಿದ್ದಳು.

"ಬೇಸಿಗೇಲಿ ಬನ್ನಿ," ಎಂದಳು ಉಗೆತ್. "ಕಿಟಕಿ ಹತ್ರ ನಿಮಗೂ ಒಂದು ಕುರ್ಚಿ ಹಾಕ್ಸಿರ್ತೀನಿ. ಇಬ್ರೂ ಕೂತು ಕಡಲು ನೋಡೋಣ."

"ಬರ್ತೀನಿ ಮದಾಮ್. ಜೋಪಾನ."

"ನನಗೇನಾಗತ್ತೆ! ನೀವು ಜೋಪಾನ. ಮುಖ ಬಿಳಿಚಿಕೊಂಡಿದೆ, ಸ್ವಲ್ಪ ಡಾಕ್ಟರಿಗೆ ತೋರಿಸ್ಕೊಳ್ಳಿ."

ಅವಳು ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಮುತ್ತಿಡುವಾಗ ಅವಳ ಬಾಯಿ ಅವನ ಕಿವಿಗೆ ತಾಗುವಷ್ಟು ಹತ್ತಿರ ಬಂತು, ಆ ಸದ್ದು ಮೊದಲಿಗಿಂತ ದಟ್ಟವಾಗಿತ್ತು. ಅವನು ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದ.

ನಿಮ್ಮ ಎದೆಯಲ್ಲಿ ನೀರು ತುಂಬುತ್ತಿದೆ, ಈಗಲೇ ತೋರಿಸಿಕೊಂಡರೆ ಬದುಕುತ್ತೀರಿ ಎಂದು ರೆಜಿಸ್ ಶೋವೆಲ್ ಅವಳಿಗೆ ಹೇಳಲೇ ಇಲ್ಲ.